ಎರಡು ತಂತಿ, ಒಂದೇ ತೂತು

ಸ್ಟೀರಿಯೋ ನಮ್ಮ ಊರುಗಳಿಗೆ ಬಂದಾಗ ಅದನ್ನು ಊರಿಗೆಲ್ಲ ಕೇಳಿಸುವ ಯಂತ್ರಗಳು ಇನ್ನೂ ಮೋನೋ ಕಾಲದಲ್ಲೇ ಇದ್ದವು. ಗಣಪತಿ ಪೆಂಡಾಲಿನ ಆಂಪ್ಲಿಫೈಯರ್, ಮದುವೆ ಮನೆಯ ಮೈಕ್ ಸೆಟ್ಟು, ಕಂಬಕ್ಕೆ ಕಟ್ಟಿದ ಹಾರ್ನು (ಇಲ್ಲಿ ಪುಣೆಯಲ್ಲಿ ಅದಕ್ಕೆ ಭೋಂಗಾ ಅಂತಾರೆ), ಎಲ್ಲದಕ್ಕೂ ಹಾಡು ಒಳಗೆ ಹೋಗಲು ಇದ್ದದ್ದು ಒಂದೇ ತೂತು. ಗಲ್ಫಿನಿಂದ ಯಾರೋ ತಂದ ಟೂ-ಇನ್-ಒನ್‌ನಿಂದ ಹೊರಗೆ ಬರೋದು ಎರಡು ತಂತಿ, ಎಡದ್ದೊಂದು, ಬಲದ್ದೊಂದು. ಎರಡನ್ನೂ ಒಂದರೊಳಗೆ ತೂರಿಸೋದು ಹೇಗೆ?

ಈ ಪ್ರಶ್ನೆ ಸ್ಟೀರಿಯೋ ಕಂಡುಹಿಡಿದವರನ್ನೂ ಕಾಡಿತ್ತು. ಇಂಗ್ಲೆಂಡಿನ ಇಎಂಐ ಕಂಪನಿಯ ಆಲನ್ ಬ್ಲಮ್‌ಲೈನ್ ಸ್ಟೀರಿಯೋಗೆ ಪೇಟೆಂಟ್ ಅರ್ಜಿ ಹಾಕಿದ್ದು 1931ರಲ್ಲಿ. ಅಂಗಡಿಗೆ ಸ್ಟೀರಿಯೋ ಎಲ್‌ಪಿ ಬಂದದ್ದು 1958ರ ಸುಮಾರಿಗೆ. ಅಷ್ಟರಲ್ಲಿ ಮನೆಮನೆಯಲ್ಲೂ ಮೋನೋ ಪ್ಲೇಯರ್‌ಗಳು. ಅದಕ್ಕೇ ತಟ್ಟೆಯ ಗೀರನ್ನು ಹೇಗೆ ಕೊರೆದರು ಅಂದ್ರೆ, ಸೂಜಿಯ ಅಡ್ಡ ಓಲಾಟ ಎಡ-ಬಲಗಳ ಮೊತ್ತ, ಮೇಲೆ-ಕೆಳಗಿನ ಓಲಾಟ ಅವುಗಳ ವ್ಯತ್ಯಾಸ. ಮೋನೋ ಪ್ಲೇಯರ್‌ಗೆ ಅಡ್ಡ ಓಲಾಟ ಮಾತ್ರ ಕೇಳುತ್ತದೆ, ಮೊತ್ತ ತಾನಾಗಿ ಸಿಗುತ್ತದೆ. (ಹಳೇ ಗಟ್ಟಿ ಸೂಜಿ ತಟ್ಟೆಯನ್ನೇ ಕೆರೆದು ಹಾಳು ಮಾಡುತ್ತಿತ್ತು, ಅದು ಬೇರೆ ಮಾತು.) 1963ರಲ್ಲಿ ಫಿಲಿಪ್ಸ್ ತಂದ ಕ್ಯಾಸೆಟ್ಟಿನ ಜಾಣತನ ಇನ್ನೂ ಸರಳ. ಅದರಲ್ಲಿ ಎಡ ಬಲ ಎರಡೂ ಪಟ್ಟಿಗಳು ಅಕ್ಕಪಕ್ಕ. ಮೋನೋ ಹೆಡ್ ಅಷ್ಟಗಲ ಒಟ್ಟಿಗೇ ಓದಿಬಿಡುತ್ತದೆ!

ರೇಡಿಯೋದವರಿಗೂ ಇದೇ ಪಾಡು. ಧಾರವಾಡದಲ್ಲಿ 1950ರಲ್ಲಿ, ಪುಣೆಯಲ್ಲಿ 1953ರಲ್ಲಿ ಆಕಾಶವಾಣಿ ಶುರುವಾಯಿತು. ಮೀಡಿಯಂ ವೇವ್ ಪ್ರಸಾರ ಮೋನೋ, ತಟ್ಟೆ ಸ್ಟೀರಿಯೋ ಆದರೂ ಆಚೆ ಹೋಗುವ ಹೊತ್ತಿಗೆ ಎರಡೂ ಸೇರಿ ಒಂದಾಗಲೇಬೇಕು. ಜಗತ್ತಿನ ಬಾನುಲಿ ಸ್ಟುಡಿಯೋಗಳ ಹಳೇ ಮಿಕ್ಸರ್‌ಗಳಲ್ಲಿ ದನಿಗಳನ್ನು ಕೂಡಿಸುತ್ತಿದ್ದದ್ದು ಬರೀ ರೋಧಕಗಳು, ಅಂದ್ರೆ ರೆಸಿಸ್ಟರ್‌ಗಳು. ಅವಕ್ಕೆ ಕರೆಂಟು ಬೇಡ. ಕೂಡಿಸುವಾಗ ಕಳೆದ ಸದ್ದನ್ನು ಮುಂದಿನ ವಾಲ್ವ್ ಎತ್ತಿ ಕೊಡುತ್ತಿತ್ತು.

ಆ ವಿದ್ಯೆಯೇ ಎಂಬತ್ತರ ದಶಕದಲ್ಲಿ ನಮ್ಮ ಕ್ಯಾಂಪಿನ ಗಲ್ಲಿಗೂ ಬಂದಿತ್ತು. ಅವಸರದ ಹುಡುಗರು ಎರಡೂ ತಂತಿ ಹೊಸೆದು ಪಿನ್ನಿಗೆ ಸಿಕ್ಕಿಸುತ್ತಿದ್ದರು. ತಮಾಷೆ ಏನಂದ್ರೆ, ಎಷ್ಟೋ ಸಲ ಅದು ನಡೆದುಬಿಡುತ್ತಿತ್ತು! ಕ್ಯಾಸೆಟ್ಟಿನಲ್ಲಿರುವ ಹಾಡೇ ಮೋನೋ ಆದರೆ ಎರಡು ತಂತಿಯೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ, ಜಗಳ ಇಲ್ಲ. ನಿಜವಾದ ಸ್ಟೀರಿಯೋ ಹಾಕಿದರೆ ಎಡದ್ದು ಏರುವಾಗ ಬಲದ್ದು ಇಳಿಯುತ್ತದೆ. ಆಗ ಟೇಪಿನೊಳಗಿನ ಎರಡು ಪುಟ್ಟ ಆಂಪ್ಲಿಫೈಯರ್‌ಗಳು ಭೋಂಗಾ ಬಿಟ್ಟು ಒಂದನ್ನೊಂದು ತಳ್ಳುತ್ತ ಕೂರುತ್ತವೆ. ಸದ್ದು ಸೊಟ್ಟಗಾಗುತ್ತದೆ, ಕೆಲವೊಮ್ಮೆ ಐಸಿ ಬಿಸಿಯಾಗಿ ಸಾಯುತ್ತದೆ. ನಾನು ನೋಡಿದ ಒಬ್ಬ ರಿಪೇರಿಯವರು ಎರಡು ರೆಸಿಸ್ಟರನ್ನು ಪಿನ್ನಿನ ಹೊಟ್ಟೆಯೊಳಗೇ ಬೆಸುಗೆ ಹಾಕಿ ಕೊಡುತ್ತಿದ್ದರು. ಪ್ರತಿ ತಂತಿಗೂ ಒಂದು, ಆಮೇಲೆ ಎರಡೂ ಕೂಡುತ್ತವೆ. ನಡುವೆ ಅಷ್ಟು ಅಡ್ಡಿ ಇದ್ದರೆ ಒಂದರ ಮೇಲೆ ಇನ್ನೊಂದರ ದಬ್ಬಾಳಿಕೆ ನಡೆಯೋದಿಲ್ಲ.

ಬೆಲೆ ತೆರಬೇಕು, ಸುಮ್ಮನೆ ಅಲ್ಲ. ಎರಡು ರೆಸಿಸ್ಟರೂ ಸಮ ಇದ್ದರೆ ಸಿಗೋದು ಎಡ-ಬಲಗಳ ಸರಾಸರಿ. ಒಂದೇ ಕಡೆ ಇದ್ದ ತಬಲಾ ಅರ್ಧಕ್ಕೆ, ಅಂದ್ರೆ 6 ಡೆಸಿಬೆಲ್ ಇಳಿಯುತ್ತದೆ. ನಡುವೆ ನಿಂತ ಗಾಯಕರ ದನಿ ಎರಡರಲ್ಲೂ ಇರುವುದರಿಂದ ಪೂರ್ತಿ ಉಳಿಯುತ್ತದೆ. ಆದರೆ ಟೇಪ್ ಹೆಡ್ಡಿನ ಒಂದು ಕಡೆಯ ವೈರು ಅದಲು ಬದಲಾಗಿದ್ದರೆ ಕಥೆಯೇ ಉಲ್ಟಾ: ಕೂಡಿಸಿದ ಕೂಡಲೇ ಗಾಯಕರು ಮಾಯ, ತಬಲಾ ಮಾತ್ರ ಬಾಕಿ :-)

ಈ ಹಳೇ ಪುರಾಣ ಈಗ ಯಾಕೆ ಅಂತೀರಾ? ನಮ್ಮಂಥ ಹೊರನಾಡಿನವರ ಮನೆಗಳಲ್ಲಿ ಇನ್ನೂ ಡಬ್ಬಿಗಟ್ಟಲೆ ಕ್ಯಾಸೆಟ್ಟುಗಳಿವೆ. ಗದಗದಿಂದ ಬಂದು ಪುಣೆಯವರೇ ಆಗಿಹೋದ ಭೀಮಸೇನ ಜೋಶಿಯವರ ದಾಸರ ಪದಗಳ ಕ್ಯಾಸೆಟ್ಟು ಹೇಗೋ ಬೇರೆ ಕಡೆ ಸಿಕ್ಕೀತು. ಅಜ್ಜಿ ಹಾಡಿದ ಹಸೆ ಹಾಡು, ಊರ ಗುಡಿಯ ಹರಿಕಥೆ, ತೀರಿಕೊಂಡ ಅಪ್ಪನ ಮಾತು ಇನ್ನೆಲ್ಲಿಯೂ ಇಲ್ಲ. ಈಗ ಅವನ್ನು ಫೋನಿಗೆ ಇಳಿಸಲು ಹೊರಟರೆ ಮತ್ತದೇ ತೂತು: ಫೋನಿನ ಮೈಕ್ ದಾರಿ ಒಂದೇ.

ಇಲ್ಲಿ ಹೆಡ್ಡಿನ ವಾರೆ ಅನ್ನೋದು ಶತ್ರು. ಕ್ಯಾಸೆಟ್ಟು ಓಡೋದು ಸೆಕೆಂಡಿಗೆ 4.76 ಸೆಂ.ಮೀ. 10,000 ಹರ್ಟ್ಸ್ ಸದ್ದಿನ ಒಂದು ಅಲೆ ಟೇಪಿನ ಮೇಲೆ 4.76 ಮೈಕ್ರಾನ್ ಉದ್ದ. ಹೆಡ್ ಕೂದಲೆಳೆಯಷ್ಟು ವಾರೆಯಾಗಿ ಒಂದು ಪಟ್ಟಿ ಇನ್ನೊಂದಕ್ಕಿಂತ ಅದರರ್ಧ ಹಿಂದೆ ಬಿದ್ದರೂ ಸಾಕು, ಕೂಡಿಸಿದಾಗ ಆ ಸದ್ದು ಪೂರ್ತಿ ಅಳಿಸಿಹೋಗುತ್ತದೆ. ಅಜ್ಜಿಯ ಸಕಾರ ಶಕಾರಗಳು, ಬಳೆಯ ಸದ್ದು ಹೋಗೋದು ಹೀಗೆಯೇ. ಅದೇ ಹೆಡ್ ನೆಟ್ಟಗಿದ್ದರೆ ಲಾಭವೂ ಉಂಟು. ಮೋನೋ ಧ್ವನಿಮುದ್ರಣದಲ್ಲಿ ಮಾತು ಎರಡು ಪಟ್ಟಿಯಲ್ಲೂ ಒಂದೇ, ಟೇಪಿನ ಹಿಸ್ ಸದ್ದು ಮಾತ್ರ ಬೇರೆ ಬೇರೆ. ಕೂಡಿಸಿದರೆ ಮಾತು ಹಾಗೇ ಇದ್ದು ಹಿಸ್ 3 ಡೆಸಿಬೆಲ್ ಕಡಿಮೆ.

ನನ್ನ ಮಾತು ಕೇಳೋದಾದರೆ, ಕಂಪ್ಯೂಟರಿನ ಸ್ಟೀರಿಯೋ ಲೈನ್-ಇನ್ ಸಿಕ್ಕರೆ ಎಡ ಬಲ ಎರಡನ್ನೂ ಬೇರೆ ಬೇರೆಯಾಗಿಯೇ ಇಳಿಸಿ, ಕೂಡಿಸೋದು ಆಮೇಲೆ. ಫೋನೇ ಗತಿ ಅಂದ್ರೆ ಮೊದಲು ಹೆಡ್ ಪಕ್ಕದ ಸ್ಕ್ರೂ ತಿರುಗಿಸುತ್ತ ಸದ್ದು ಅತಿ ಚುರುಕಾಗಿ ಕೇಳುವ ಕಡೆ ನಿಲ್ಲಿಸಿ, ತಂತಿ ಹೊಸೆಯಬೇಡಿ. ಬುಧವಾರ ಪೇಟೆಯ ಟಪ್ಕೀರ್ ಗಲ್ಲಿಯಲ್ಲಿ 10 ಕಿಲೋ ಓಂ ರೆಸಿಸ್ಟರ್ ಎರಡು ಕೇಳಿ. ಕಂದು, ಕಪ್ಪು, ಕಿತ್ತಳೆ ಪಟ್ಟೆ ನೋಡಿಕೊಳ್ಳಿ. ಮೈಕ್ ದಾರಿಗೆ ಟೇಪಿನ ಸದ್ದು ಜಾಸ್ತಿಯಾಗುತ್ತದೆ, ಹಾಗಾಗಿ ಕೂಡಿದ ಜಾಗದಿಂದ ಅರ್ಥಿಗೆ ಇನ್ನೊಂದು ಸಣ್ಣ ರೆಸಿಸ್ಟರೂ ಬೇಕು.