ನಿರ್ಜನ ದ್ವೀಪದ ಕಥೆಯಲ್ಲಿ ‘ನಾನು’

ಕಾಡಿನಲ್ಲೋ ದ್ವೀಪದಲ್ಲೋ ಒಂಟಿಯಾಗಿ ಉಳಿದವರ ಕಥೆಯೆಂದರೆ ಎಳೆಯರಿಗೆ ಅಚ್ಚುಮೆಚ್ಚು. ಆದರೆ ಅದನ್ನು ಹೇಳುವವರು ಯಾರೆಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳುವುದಿಲ್ಲ. 1719ರಲ್ಲಿ ಡೇನಿಯಲ್ ಡೀಫೋ ಅವರು ‘ರಾಬಿನ್‌ಸನ್ ಕ್ರೂಸೋ’ವನ್ನು ಉತ್ತಮ ಪುರುಷದಲ್ಲಿ ಬರೆದು, ಆತ್ಮಕಥೆಯೋ ಎಂಬ ಭ್ರಮೆಯನ್ನು ಹುಟ್ಟಿಸಿದರು. ಆ ಪರಂಪರೆಯಲ್ಲಿ ಅಮೆರಿಕದ ಸ್ಕಾಟ್ ಓಡೆಲ್ ಅವರ ‘ಐಲೆಂಡ್ ಆಫ್ ದಿ ಬ್ಲೂ ಡಾಲ್ಫಿನ್ಸ್’ (1960) ವಿಶೇಷ ವಿಚಾರಕ್ಕೆ ಅರ್ಹವಾದುದು. ಏಕೆಂದರೆ ಅದರ ಹಿಂದೆ ನಿಜವಾದ ಇತಿಹಾಸವಿದೆ.

ಕ್ಯಾಲಿಫೋರ್ನಿಯದ ಕರಾವಳಿಯಾಚೆಯ ಸ್ಯಾನ್ ನಿಕೊಲಸ್ ದ್ವೀಪದಲ್ಲಿ ಉಳಿದಿದ್ದ ಮೂಲನಿವಾಸಿಗಳನ್ನು 1835ರಲ್ಲಿ ಹಡಗಿನಲ್ಲಿ ಒಯ್ದರು. ಒಬ್ಬ ಹೆಂಗಸು ಹಿಂದುಳಿದಳು. ಮಗುವಿಗಾಗಿ ಉಳಿದಳೆಂಬುದು ಜನಶ್ರುತಿ. 18 ವರ್ಷಗಳ ಅನಂತರ, 1853ರಲ್ಲಿ, ಜಾರ್ಜ್ ನಿಡೆವರ್ ಎಂಬ ಬೇಟೆಗಾರನ ತಂಡ ಆಕೆಯನ್ನು ಕಂಡು ಸಾಂತಾ ಬಾರ್ಬರಕ್ಕೆ ಕರೆತಂದಿತು. ಏಳು ವಾರಗಳಲ್ಲಿ ಆಕೆ ತೀರಿಕೊಂಡಳು. ಹುವಾನಾ ಮರಿಯಾ ಎಂಬುದು ಕ್ರೈಸ್ತ ದೀಕ್ಷೆಯ ಹೆಸರು; ಹುಟ್ಟುಹೆಸರು ಉಳಿಯಲಿಲ್ಲ. ಆಕೆಯಿಂದ ನಮಗೆ ಉಳಿದು ಬಂದ ನುಡಿಯೆಂದರೆ ನಾಲ್ಕು ಶಬ್ದಗಳು ಮತ್ತು ಎರಡು ಹಾಡುಗಳು.

ಓಡೆಲ್ ಅವರು ಆ ಹೆಂಗಸನ್ನು 12 ವರ್ಷದ ಕರಾನಾ ಎಂಬ ಹುಡುಗಿಯಾಗಿಸಿ, ಮಗುವಿನ ಸ್ಥಾನದಲ್ಲಿ ತಮ್ಮನನ್ನಿಟ್ಟು, ಕಥೆಯನ್ನೆಲ್ಲ ಅವಳ ಬಾಯಿಂದಲೇ ಹೇಳಿಸಿದರು. ಹೇಳುತ್ತಿರುವವಳು ಬದುಕಿ ಉಳಿದವಳೆಂಬುದು ಮೊದಲೇ ತಿಳಿದಿರುವುದರಿಂದ, ಬದುಕುವಳೇ ಎಂಬುದಕ್ಕಿಂತ ಹೇಗೆ ಬದುಕಿದಳೆಂಬುದರತ್ತ ಓದುಗನ ಮನಸ್ಸು ಹರಿಯುತ್ತದೆ. ಇದಕ್ಕೆ ಪ್ರತಿಯಾಗಿ ಗ್ಯಾರಿ ಪಾಲ್ಸನ್ ಅವರ ‘ಹ್ಯಾಚೆಟ್’ (1987) ಪ್ರಥಮ ಪುರುಷದಲ್ಲಿದೆ. ಆದರೂ ಅಲ್ಲಿಯ ನೋಟ 13 ವರ್ಷದ ಬ್ರಯನ್‌ನದೇ. ಅವನಿಗೆ ತಿಳಿಯದ್ದು ನಮಗೂ ತಿಳಿಯದು. ಆದ್ದರಿಂದ ಕೆನಡದ ಕಾಡಿನ ಆ 54 ದಿನಗಳ ಭಯ ಕೊನೆಯವರೆಗೂ ನಮ್ಮನ್ನು ಬಿಡುವುದಿಲ್ಲ.

‘ನಾನು’ ಎಂಬುದಕ್ಕೂ ಒಂದು ಎಲ್ಲೆಯುಂಟು: ಅದು ತನ್ನ ಸಾವನ್ನು ಹೇಳಲಾರದು. ಕರಾನಾಳ ಕಥೆ ದ್ವೀಪ ಬಿಟ್ಟು ಹೊರಡುವಲ್ಲಿಗೆ ಮುಗಿಯುತ್ತದೆ. ಸಮಾಧಿಯ ಮಾತು ಗ್ರಂಥಕರ್ತರ ಟಿಪ್ಪಣಿಗೆ ಸೇರುತ್ತದೆ. ಮಾತು ಅಳಿದವಳಿಗೆ ಮಾತು ಕೊಟ್ಟದ್ದು ದೊಡ್ಡ ಕೆಲಸವೇ ಸರಿ. ಆದರೆ ಆ ಮಾತು ಅವಳದಲ್ಲ, ಅವಳ ಭಾಷೆಯದೂ ಅಲ್ಲ. ತರಗತಿಯಲ್ಲಿ ಇಂಥ ಕಥೆಯನ್ನು ಓದಿಸುವ ಉಪಾಧ್ಯಾಯರು ಕಾದಂಬರಿಯ ಕರಾನಾಳನ್ನೂ ಇತಿಹಾಸದ ಹೆಸರಿಲ್ಲದ ಹೆಂಗಸನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸಬೇಕು. ಹೇಳುವವರು ಯಾರೆಂದು ಕೇಳಲು ಕಲಿತ ಮಗು, ಹೇಳಲಾಗದೆ ಹೋದವರು ಯಾರೆಂದೂ ಮುಂದೆ ಕೇಳೀತು.