ತೆಗೆದುಕೊಳ್ಳದ ರಜೆಯ ಲೆಕ್ಕ: ಕರ್ನಾಟಕದ ಗಳಿಕೆ ರಜೆ ಕುರಿತು ಒಂದು ಟಿಪ್ಪಣಿ

ಕರ್ನಾಟಕ ಸರ್ಕಾರದ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ ಇದೆ. ಜನವರಿ 1ಕ್ಕೆ 15 ದಿನ, ಜುಲೈ 1ಕ್ಕೆ 15 ದಿನ ರಜೆ ಲೆಕ್ಕಕ್ಕೆ ಜಮೆಯಾಗುತ್ತದೆ. ಕೂಡಿಡಬಹುದಾದ ಗರಿಷ್ಠ ಮಿತಿ 300 ದಿನ. ಸರ್ಕಾರ ಆಯಾ ವರ್ಷಕ್ಕೆ ಆದೇಶ ಹೊರಡಿಸಿದಾಗ 15 ದಿನದವರೆಗಿನ ರಜೆಯನ್ನು ಅಧ್ಯರ್ಪಿಸಿ ಅಷ್ಟು ದಿನದ ವೇತನ ಪಡೆಯಬಹುದು. ನಿವೃತ್ತಿಯ ದಿನ ಲೆಕ್ಕದಲ್ಲಿ ಉಳಿದಿರುವುದೆಲ್ಲ ಹಣವಾಗಿ ಕೈಸೇರುತ್ತದೆ. ಈ ನಿಯಮಗಳನ್ನು 30 ವರ್ಷದ ಸೇವೆಗೆ ಹೊಂದಿಸಿ ನೋಡೋಣ. ಗಳಿಸಿದ್ದು 900 ದಿನ. ವರ್ಷಕ್ಕೆ 15ರಂತೆ ಅಧ್ಯರ್ಪಿಸಿದರೆ 450 ಹೋಯಿತು. ನಿವೃತ್ತಿಗೆಂದು 300 ಉಳಿಸಿಕೊಂಡರೆ, ರಜೆಯಾಗಿ ಕಳೆಯಲು ಇರುವುದು 150 ದಿನ. ವರ್ಷಕ್ಕೆ ಐದು ದಿನ.

ಎಲ್ಲ ನೌಕರರೂ ಇಷ್ಟೇ ರಜೆ ಹಾಕುತ್ತಾರೆಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಕಾಯಿಲೆ, ಮದುವೆ, ಮಕ್ಕಳ ಪರೀಕ್ಷೆ ಎಂದು ಬಹಳಷ್ಟು ರಜೆ ಖರ್ಚಾಗುತ್ತದೆ. 300 ದಿನ ತುಂಬಿಸದೆ ನಿವೃತ್ತರಾಗುವವರೂ ಇದ್ದಾರೆ. ನಿಯಮ ಎಷ್ಟರ ಮಟ್ಟಿಗೆ ರಜೆಯನ್ನು ಹಣವಾಗಿಸಲು ಬಿಡುತ್ತದೆ ಎಂಬುದನ್ನಷ್ಟೇ ಈ ಲೆಕ್ಕ ತೋರಿಸುತ್ತದೆ. ಆರರಲ್ಲಿ ಐದು ಪಾಲು ರಜೆ ಹಣವಾಗಬಲ್ಲದು. ಆದ್ದರಿಂದ ‘ಕರ್ನಾಟಕದ ನೌಕರರಿಗೆ ಎಷ್ಟು ರಜೆ ಇದೆ’ ಎಂಬ ಪ್ರಶ್ನೆಗೆ 30 ಎಂದು ಉತ್ತರಿಸಿದರೆ ವಿಷಯದ ಅರ್ಧವನ್ನೂ ಹೇಳಿದಂತಾಗುವುದಿಲ್ಲ. ಗಳಿಸಿದ ರಜೆ ವಿಶ್ರಾಂತಿಯಾಗಿ ಕಳೆಯಿತೋ, ಸಂಬಳವಾಗಿ ಬಂತೋ, ಸುಮ್ಮನೆ ರದ್ದಾಯಿತೋ ಎಂಬ ಮೂರನ್ನು ಬೇರೆಬೇರೆಯಾಗಿ ಎಣಿಸದ ಯಾವ ಅಂಕಿಯೂ ಈ ವಿಷಯದಲ್ಲಿ ನಂಬಿಕೆಗೆ ಅರ್ಹವಲ್ಲ ಎಂಬುದು ಈ ಟಿಪ್ಪಣಿಯ ವಾದ.

ಹೋಲಿಕೆಗೆ ಅದೇ ಕಚೇರಿಯಲ್ಲಿ ಇನ್ನೊಂದು ಬಗೆಯ ರಜೆಯಿದೆ. ಸಾಂದರ್ಭಿಕ ರಜೆ, ಎಲ್ಲರ ಬಾಯಲ್ಲಿ ಸಿಎಲ್. 2019ರಲ್ಲಿ ನಾಲ್ಕನೇ ಶನಿವಾರವನ್ನೂ ರಜೆಯಾಗಿಸಿದಾಗ ಸರ್ಕಾರ ಇದನ್ನು ವರ್ಷಕ್ಕೆ 15ರಿಂದ 10ಕ್ಕೆ ಇಳಿಸಿತು. ಸಿಎಲ್ ಮುಂದಿನ ವರ್ಷಕ್ಕೆ ಸಾಗುವುದಿಲ್ಲ, ಹಣವೂ ಆಗುವುದಿಲ್ಲ. ಡಿಸೆಂಬರ್ 31ಕ್ಕೆ ಉಳಿದದ್ದು ಇಲ್ಲವಾಗುತ್ತದೆ. ವರ್ಷದ ಕೊನೆಯ ವಾರಗಳಲ್ಲಿ ತಾಲ್ಲೂಕು ಕಚೇರಿಗೆ ಹೋದವರಿಗೆ ಖಾಲಿ ಕುರ್ಚಿಗಳ ಕಾರಣ ಗೊತ್ತಿರುತ್ತದೆ. ‘ಸಿಎಲ್ ಉಳಿದಿದೆ, ಮುಗಿಸಬೇಕು’ ಎಂಬ ಮಾತು ಕೇಳದ ಕಚೇರಿಯಿಲ್ಲ. ಗಳಿಕೆ ರಜೆಯ ಬಗ್ಗೆ ‘ಇಎಲ್ ಮುಗಿಸಬೇಕು’ ಎಂಬ ಮಾತು ಕೇಳಿಬರುವುದು ಲೆಕ್ಕ 300ರ ಹತ್ತಿರ ಬಂದವರಿಂದ ಮಾತ್ರ. ನೌಕರ ಅದೇ, ಮೇಲಧಿಕಾರಿ ಅದೇ, ಕೆಲಸದ ಹೊರೆ ಅದೇ. ಒಂದು ರಜೆಯನ್ನು ತಪ್ಪದೆ ಮುಗಿಸುವ ಮನುಷ್ಯ ಇನ್ನೊಂದನ್ನು ಜೋಪಾನವಾಗಿ ಕಾಯುತ್ತಾನೆ. ನಮ್ಮ ಜನಕ್ಕೆ ರಜೆ ಕಳೆಯುವ ಅಭ್ಯಾಸವಿಲ್ಲ ಎಂಬ ವಿವರಣೆ ಇಲ್ಲಿ ನಿಲ್ಲುವುದಿಲ್ಲ.

ಈ ಹೋಲಿಕೆಗೂ ಒಂದು ಮಿತಿಯಿದೆ. ಸಿಎಲ್ ಒಂದೆರಡು ದಿನದ ವಿಷಯ; ಒಂದು ಚೀಟಿ ಬರೆದಿಟ್ಟರೆ ಸಾಮಾನ್ಯವಾಗಿ ಮುಗಿಯಿತು. ಎರಡು ವಾರದ ಗಳಿಕೆ ರಜೆಗೆ ಅರ್ಜಿ, ಮಂಜೂರಾತಿ, ಪ್ರಭಾರ ವಹಿಸಿಕೊಳ್ಳುವವರು ಬೇಕು. ಹುದ್ದೆಗಳು ಖಾಲಿ ಬಿದ್ದಿರುವ ಇಲಾಖೆಯಲ್ಲಿ ಪ್ರಭಾರ ವಹಿಸಿಕೊಳ್ಳಲು ಯಾರೂ ಸಿಗುವುದಿಲ್ಲ. ರಜೆ ಉಳಿಯುವುದಕ್ಕೆ ಹಣದ ಆಸೆ ಎಷ್ಟು ಕಾರಣ, ಬದಲಿ ಜನರಿಲ್ಲದಿರುವುದು ಎಷ್ಟು ಕಾರಣ ಎಂಬುದನ್ನು ಈ ಹೋಲಿಕೆಯೊಂದರಿಂದಲೇ ಬಿಡಿಸಲಾಗದು.

ರಜೆ ಕಳೆಯುವುದನ್ನೂ ಅದನ್ನು ಹಣವಾಗಿಸುವುದನ್ನೂ ಕಾನೂನು ಹೇಗೆ ನೋಡುತ್ತದೆ ಎಂಬುದು ನನಗೆ ಇಡೀ ವಿಷಯದ ತಿರುಳಾಗಿ ಕಾಣುತ್ತದೆ. ಸೇವಾ ನಿಯಮಗಳ ಪ್ರಕಾರ ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ. ಸಾರ್ವಜನಿಕ ಸೇವೆಯ ಅಗತ್ಯವಿದ್ದರೆ ಅಧಿಕಾರಿ ಅದನ್ನು ನಿರಾಕರಿಸಬಹುದು, ಹೋದವರನ್ನು ವಾಪಸು ಕರೆಸಬಹುದು. ಅದೇ ರಜೆ ಹಣದ ರೂಪ ತಾಳಿದಾಗ ಸ್ಥಿತಿ ಬೇರೆ. ಜಾರ್ಖಂಡ್ ರಾಜ್ಯ ಮತ್ತು ಜಿತೇಂದ್ರ ಕುಮಾರ್ ಶ್ರೀವಾಸ್ತವ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್, ಶಾಸನದ ಬೆಂಬಲವಿಲ್ಲದೆ ಬರೀ ಆಡಳಿತಾತ್ಮಕ ಸೂಚನೆಯ ಮೇಲೆ ಪಿಂಚಣಿಯನ್ನಾಗಲಿ ಗ್ರಾಚ್ಯುಟಿಯನ್ನಾಗಲಿ ರಜೆ ನಗದನ್ನಾಗಲಿ ತಡೆಹಿಡಿಯುವಂತಿಲ್ಲ ಎಂದು ಹೇಳಿತು. ಸಂವಿಧಾನದ 300ಎ ವಿಧಿಯನ್ನು, ಅಂದರೆ ಆಸ್ತಿಯ ರಕ್ಷಣೆಯನ್ನು, ಅದಕ್ಕೆ ಆಧಾರವಾಗಿಸಿಕೊಂಡಿತು. ತೀರ್ಪು ನ್ಯಾಯವಾದದ್ದೇ. ನೌಕರನ ದೃಷ್ಟಿಯಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ: ತೆಗೆದುಕೊಳ್ಳಲು ಹೋದರೆ ಮೇಲಧಿಕಾರಿಯ ಮರ್ಜಿ, ತೆಗೆದುಕೊಳ್ಳದೆ ಉಳಿಸಿದರೆ ಸಂವಿಧಾನದ ಕಾವಲು. ವಿವೇಕಿಯಾದವರು ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂಬುದರಲ್ಲಿ ಅಚ್ಚರಿಯಿಲ್ಲ.

ಈ ಏರ್ಪಾಡು ಹಂತಹಂತವಾಗಿ ಬಂದದ್ದು. ಕೇಂದ್ರ ಸರ್ಕಾರಿ ನೌಕರರಿಗೆ ನಿವೃತ್ತಿಯಲ್ಲಿ ರಜೆ ನಗದೀಕರಣ ಶುರುವಾದದ್ದು 1977ರಲ್ಲಿ, ಆಗ ಮಿತಿ 180 ದಿನ. 1986ರಲ್ಲಿ ಅದು 240 ಆಯಿತು, ಐದನೇ ವೇತನ ಆಯೋಗದ ನಂತರ 1997ರಲ್ಲಿ 300. ರಾಜ್ಯದ ಮಿತಿಯೂ ಇಂದು ಅದೇ. ಆದಾಯ ತೆರಿಗೆ ಈ ಪ್ರವೃತ್ತಿಗೆ ಇನ್ನಷ್ಟು ಬಲ ಕೊಟ್ಟಿದೆ. ಸರ್ಕಾರಿ ನೌಕರರಿಗೆ ನಿವೃತ್ತಿಯ ರಜೆ ನಗದು ಪೂರ್ತಿ ತೆರಿಗೆಮುಕ್ತ. ಖಾಸಗಿಯವರಿಗೆ 2002ರಿಂದ ಇದ್ದ 3 ಲಕ್ಷ ರೂಪಾಯಿ ಮಿತಿಯನ್ನು 2023ರ ಬಜೆಟ್ 25 ಲಕ್ಷಕ್ಕೆ ಏರಿಸಿತು. ಈ ಎರಡು ಅಂಕಿಗಳು ಎಲ್ಲಿಂದ ಬಂದವೆಂದು ನೋಡಬೇಕು. 2002ರಲ್ಲಿ ಸರ್ಕಾರದ ಅತ್ಯುನ್ನತ ಮೂಲವೇತನ ತಿಂಗಳಿಗೆ 30,000 ರೂಪಾಯಿ, ಹತ್ತು ತಿಂಗಳಿಗೆ 3 ಲಕ್ಷ, 2023ರಲ್ಲಿ 2.5 ಲಕ್ಷ, ಹತ್ತು ತಿಂಗಳಿಗೆ 25 ಲಕ್ಷ. ಒಬ್ಬರು ಜೀವಮಾನದಲ್ಲಿ ಹತ್ತು ತಿಂಗಳ ರಜೆಯನ್ನು ಬಳಸದೆ ಉಳಿಸಿಕೊಂಡು ಬರುತ್ತಾರೆ ಎಂಬ ಎಣಿಕೆಯನ್ನು ತೆರಿಗೆ ಕಾನೂನೇ ಒಪ್ಪಿಕೊಂಡಿದೆ. ಸೇವೆಯಲ್ಲಿರುವಾಗಲೇ ನಗದಾಗಿಸಿದರೆ ಮಾತ್ರ ಆ ಹಣಕ್ಕೆ ತೆರಿಗೆಯುಂಟು. ಕೊನೆಯವರೆಗೆ ಕೂಡಿಡುವುದೇ ಲಾಭ ಎಂದಾಯಿತು.

ಶಿಕ್ಷಕರ ಲೆಕ್ಕ ಬೇರೆ. ಬೇಸಿಗೆ ಮತ್ತು ದಸರಾ ರಜೆ ಇರುವ ಇಲಾಖೆ ಎಂಬ ಕಾರಣಕ್ಕೆ ಅವರಿಗೆ ವರ್ಷಕ್ಕೆ 10 ದಿನ ಮಾತ್ರ ಗಳಿಕೆ ರಜೆ. ಆದರೆ ಚುನಾವಣೆ, ಗಣತಿ, ಸಮೀಕ್ಷೆಗಳು ಆ ರಜೆಗಳ ಮೇಲೇ ಬೀಳುತ್ತವೆ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯಲ್ಲಿ ಸರ್ಕಾರಿ ಶಾಲೆಗಳ ಶಿಕ್ಷಕರು ದಸರಾ ರಜೆಯಿಡೀ ಮನೆಮನೆ ತಿರುಗಿದರು. ಕಾಗದದ ಮೇಲೆ ರಜೆ ಹೆಚ್ಚಿರುವವರು ಶಿಕ್ಷಕರು ಎಂಬ ಜನಾಭಿಪ್ರಾಯವನ್ನು ಪರೀಕ್ಷಿಸದೆ ಒಪ್ಪಬಾರದು.

ಕಾರ್ಖಾನೆಗೆ ಬಂದರೆ ಅಂಕಿಗಳು ಕುಗ್ಗುತ್ತವೆ. 2025ರ ನವೆಂಬರ್ ತನಕ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 79ನೇ ಕಲಂ ಪ್ರಕಾರ ಒಂದು ವರ್ಷದಲ್ಲಿ 240 ದಿನ ಕೆಲಸ ಮಾಡಿದವರಿಗೆ ಮರುವರ್ಷ, 20 ದಿನದ ಕೆಲಸಕ್ಕೆ ಒಂದು ದಿನದಂತೆ ಸಂಬಳ ಸಹಿತ ರಜೆ ಇತ್ತು. ವಾರದ ರಜೆ 52, ರಾಜ್ಯದ ಕಾಯ್ದೆ ಕೊಡುವ ರಾಷ್ಟ್ರೀಯ ಮತ್ತು ಹಬ್ಬದ ರಜೆ 10 ಕಳೆದು, ಒಂದು ದಿನವೂ ತಪ್ಪಿಸದೆ ದುಡಿದವರಿಗೆ ಸಿಗುತ್ತಿದ್ದುದು 15 ದಿನ. ಸರಿಯಾಗಿ 240 ದಿನ ದುಡಿದವರಿಗೆ 12. ವರ್ಷವಿಡೀ ಕೆಲಸದಲ್ಲಿದ್ದೂ 239 ದಿನ ಹಾಜರಿದ್ದವರಿಗೆ ಸೊನ್ನೆ. ಪೀಣ್ಯದ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ಮಿಷಿನ್ ಮುಂದೆ ಕೂರುವ ಹೆಂಗಸರಿಗೆ ಈ ಗೆರೆ ಎಷ್ಟು ಕಠಿಣವಾಗಿತ್ತೆಂದು ಯೋಚಿಸಬೇಕು. ಮಗುವಿಗೆ ಜ್ವರ, ಊರಲ್ಲಿ ಅತ್ತೆಗೆ ಹುಷಾರಿಲ್ಲ, ರಾಗಿ ಕೊಯ್ಲು, ಗ್ರಾಮದೇವತೆಯ ಜಾತ್ರೆ: ಸಂಬಳವಿಲ್ಲದೆ ತಪ್ಪುವ ಇಂಥ ದಿನಗಳೇ ಮರುವರ್ಷದ ಸಂಬಳದ ರಜೆಯನ್ನು ಕಿತ್ತುಕೊಳ್ಳುತ್ತಿದ್ದವು. ಹೆರಿಗೆ ರಜೆಯನ್ನು 12 ವಾರದವರೆಗೆ ಹಾಜರಿಯಾಗಿ ಎಣಿಸಬೇಕೆಂದು ಕಾಯ್ದೆ ಹೇಳುತ್ತಿತ್ತು, ಆದರೆ ಆ ದಿನಗಳಿಂದ ರಜೆ ಹುಟ್ಟುತ್ತಿರಲಿಲ್ಲ. ಮನೆಯವರ ಆರೈಕೆಗಾಗಿ ತಪ್ಪಿದ ದಿನಗಳಿಗೆ ಅಷ್ಟು ರಿಯಾಯಿತಿಯೂ ಇರಲಿಲ್ಲ.

ಆದರೂ ಈ ಹಳೆಯ ಕಾಯ್ದೆ ಬರೆದವರ ಮನಸ್ಸಿನಲ್ಲಿ ರಜೆ ಎಂದರೆ ನಿಜವಾಗಿ ಊರಿಗೆ ಹೋಗಿಬರುವುದಾಗಿತ್ತು ಎಂಬುದಕ್ಕೆ ಒಂದು ಸುಂದರ ಪುರಾವೆ 81ನೇ ಕಲಮಿನಲ್ಲಿದೆ. ನಾಲ್ಕು ದಿನಕ್ಕೆ ಕಡಿಮೆಯಿಲ್ಲದ ರಜೆ ಮಂಜೂರಾದ ಕಾರ್ಮಿಕರಿಗೆ ರಜೆಯ ಸಂಬಳವನ್ನು ರಜೆ ಶುರುವಾಗುವ ಮೊದಲೇ ಕೊಡಬೇಕಿತ್ತು. ಬಸ್ ಚಾರ್ಜಿಗೂ ಮನೆಗೆ ಒಯ್ಯುವ ಹಣ್ಣು-ಬಟ್ಟೆಗೂ ದುಡ್ಡಿಲ್ಲದೆ ರಜೆ ಯಾರಿಗೂ ಒದಗುವುದಿಲ್ಲ ಎಂದು ಕಾನೂನು ಬರೆದವರಿಗೆ ತಿಳಿದಿತ್ತು. ಕೆಲಸ ಬಿಟ್ಟಾಗ, ತೆಗೆದಾಗ ಅಥವಾ ಸತ್ತಾಗ ಮಾತ್ರ ಉಳಿದ ರಜೆಗೆ ಹಣ ಕೊಡಬೇಕೆಂದು ಆ ಕಾಯ್ದೆ ಹೇಳಿತ್ತು. ಸೇವೆಯಲ್ಲಿರುವಾಗ ಮಾರಿಕೊಳ್ಳುವ ಮಾತನ್ನೇ ಎತ್ತಿರಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1970ರ 132ನೇ ಒಡಂಬಡಿಕೆ ಇನ್ನೂ ಕಟುವಾಗಿದೆ: ಕನಿಷ್ಠ ಮೂರು ವಾರದ ರಜೆ, ಹಣ ಪಡೆದು ಕನಿಷ್ಠ ರಜೆಯನ್ನು ಬಿಟ್ಟುಕೊಡುವ ಕರಾರು ಅಸಿಂಧು. ಭಾರತ ಅದನ್ನು ಅನುಮೋದಿಸಿಲ್ಲ. ಯುರೋಪ್ ಒಕ್ಕೂಟದಲ್ಲೂ ನಾಲ್ಕು ವಾರದ ಕನಿಷ್ಠ ರಜೆಗೆ ಬದಲಾಗಿ ಹಣ ಕೊಡಲು ಅವಕಾಶವಿರುವುದು ಕೆಲಸ ಮುಗಿಯುವಾಗ ಮಾತ್ರ.

ಹಾಗಾದರೆ ನಗದೀಕರಣ ನಿಲ್ಲಿಸಿದರೆ ಜನ ರಜೆ ಹಾಕುತ್ತಾರೆಯೇ? ಇಲ್ಲಿ ಜಪಾನ್ ನಮ್ಮನ್ನು ಎಚ್ಚರಿಸುತ್ತದೆ. ಅಲ್ಲಿ ಆರು ತಿಂಗಳ ಸೇವೆಯ ನಂತರ 10 ದಿನ, ಆರೂವರೆ ವರ್ಷಕ್ಕೆ 20 ದಿನ ರಜೆ. ಮುಂಗಡವಾಗಿ ರಜೆಯನ್ನು ಕೊಂಡುಕೊಳ್ಳಲು ಮಾಲೀಕರಿಗೆ ಅವಕಾಶವಿಲ್ಲ, ಬಳಸದಿದ್ದರೆ ಎರಡು ವರ್ಷಕ್ಕೆ ರದ್ದು. ಹಣದ ಆಮಿಷ ಇಲ್ಲದಿದ್ದರೂ ದಶಕಗಳ ಕಾಲ ಜಪಾನಿನ ಕಾರ್ಮಿಕರು ಸುಮಾರು ಅರ್ಧದಷ್ಟು ರಜೆಯನ್ನಷ್ಟೇ ಬಳಸಿದರು. ಸಹೋದ್ಯೋಗಿಗಳ ಮೇಲೆ ಹೊರೆ ಬೀಳುತ್ತದೆಂಬ ಸಂಕೋಚ ಅಲ್ಲಿ ಮತ್ತೆಮತ್ತೆ ಕೇಳಿಬರುವ ಕಾರಣ. 2019ರ ಏಪ್ರಿಲ್‌ನಿಂದ ನಿಯಮ ಬದಲಾಯಿತು. 10 ದಿನ ಅಥವಾ ಹೆಚ್ಚು ರಜೆಯಿರುವ ಪ್ರತಿಯೊಬ್ಬರೂ ವರ್ಷಕ್ಕೆ ಐದು ದಿನವಾದರೂ ರಜೆ ಪಡೆಯುವಂತೆ ನೋಡಿಕೊಳ್ಳುವುದು ಮಾಲೀಕನ ಕರ್ತವ್ಯ; ತಪ್ಪಿದರೆ ಒಬ್ಬ ಕಾರ್ಮಿಕನಿಗೆ 3 ಲಕ್ಷ ಯೆನ್‌ವರೆಗೆ ದಂಡ. ಬಳಕೆಯ ಪ್ರಮಾಣ 2023ರ ಹೊತ್ತಿಗೆ ಶೇ 65ರ ಆಸುಪಾಸಿಗೆ ಏರಿತು. ಬೇರೆ ಕಾರಣಗಳೂ ಇದರಲ್ಲಿ ಸೇರಿರಬಹುದು. ಆದರೆ ಹಣದ ದಾರಿ ಮುಚ್ಚುವುದು ಸಾಲದು, ರಜೆ ಕೊಟ್ಟು ಕಳಿಸುವ ಹೊಣೆ ಯಾರದ್ದೆಂದು ಕಾನೂನು ಹೇಳಬೇಕು ಎಂಬ ಪಾಠ ಇದರಲ್ಲಿ ಸ್ಪಷ್ಟವಿದೆ.

ಅಂಥ ಹೊಣೆಯ ಮಾದರಿ ಭಾರತದಲ್ಲೂ ಒಂದಿದೆ, ಅದು ಹುಟ್ಟಿದ್ದು ಬೇರೆ ಉದ್ದೇಶಕ್ಕೆ. ಸೂಕ್ಷ್ಮ ಹುದ್ದೆಯಲ್ಲಿರುವ ಬ್ಯಾಂಕ್ ನೌಕರರನ್ನು ವರ್ಷಕ್ಕೊಮ್ಮೆ, ಮುನ್ಸೂಚನೆಯಿಲ್ಲದೆ, ಕನಿಷ್ಠ 10 ಕೆಲಸದ ದಿನ ಒಂದೇ ಗಂಟಿನಲ್ಲಿ ರಜೆಯ ಮೇಲೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿದೆ. ವಂಚನೆ ನಡೆದಿದ್ದರೆ ಅವರಿಲ್ಲದಾಗ ಹೊರಬೀಳಲಿ ಎಂಬುದು ಕಾರಣ. ಎರಡು ವಾರ ಒಬ್ಬರಿಲ್ಲದೆ ಕೆಲಸ ನಡೆಯಲೇಬೇಕೆಂದು ಸಂಸ್ಥೆಯೊಂದು ತೀರ್ಮಾನಿಸಿದರೆ ನಡೆಯುತ್ತದೆ ಎಂಬುದಂತೂ ಇದರಿಂದ ಗೊತ್ತಾಗುತ್ತದೆ.

ಜಪಾನಿನ ಬಗ್ಗೆ ಇಷ್ಟು ಹೇಳಲು ಸಾಧ್ಯವಾದದ್ದು ಅಲ್ಲಿನ ಸಚಿವಾಲಯ ಪ್ರತಿ ವರ್ಷ ಬಳಕೆಯನ್ನು ಎಣಿಸುವುದರಿಂದ. ನಮ್ಮ ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ಕೇಳುವುದು ಸಂಬಳ ಸಹಿತ ರಜೆಗೆ ಅರ್ಹರೇ ಎಂದು ಮಾತ್ರ. ಈಚಿನ ವರ್ಷಗಳಲ್ಲಿ ಕೃಷಿಯೇತರ ಕ್ಷೇತ್ರದ ಕಾಯಂ ಸಂಬಳದ ನೌಕರರಲ್ಲೇ ಅರ್ಧಕ್ಕೆ ಸಮೀಪದಷ್ಟು ಜನ ಅರ್ಹರಲ್ಲ ಎಂಬುದು ಅದರ ಉತ್ತರ. ದಿನಗೂಲಿಯವರು, ಸ್ವಂತ ದುಡಿಮೆಯವರು ಈ ಎಣಿಕೆಗೇ ಬರುವುದಿಲ್ಲ. ಅರ್ಹರಾದವರು ಎಷ್ಟು ದಿನ ರಜೆ ಹಾಕಿದರು ಎಂಬ ಪ್ರಶ್ನೆ ಪಟ್ಟಿಯಲ್ಲಿಲ್ಲ.

ಉತ್ತರಕ್ಕೆ ಬೇಕಾದ ದಾಖಲೆ ಇಲ್ಲವೆಂದಲ್ಲ. ಪ್ರತಿಯೊಬ್ಬ ಸರ್ಕಾರಿ ನೌಕರರ ಸೇವಾ ಪುಸ್ತಕದಲ್ಲಿ ರಜೆ ಲೆಕ್ಕವಿದೆ: ಜಮೆ, ಬಳಕೆ, ಅಧ್ಯರ್ಪಣೆ, ಬಾಕಿ. ಕಾರ್ಖಾನೆಗಳಲ್ಲಿ ರಜೆ ವಹಿ ಇಡುವುದು ಕಡ್ಡಾಯ. ಹೆಸರು ತೆಗೆದು, ಇಲಾಖೆ, ವೃಂದ, ಲಿಂಗವಾರು ಕೂಡಿಸಿದರೆ ರಾಜ್ಯದ ಚಿತ್ರ ಸಿಗುತ್ತದೆ. ಕೊರೊನಾ ಬಂದ 2020ರಲ್ಲಿ ಸರ್ಕಾರ ಆ ಸಾಲಿನ ನಗದೀಕರಣವನ್ನು ತಡೆದಿತ್ತು. ಹಣದ ದಾರಿ ಮುಚ್ಚಿದಾಗ ಏನಾಯಿತೆಂದು ನೋಡಲು ಅದು ಅವಕಾಶವೆಂದು ಅನಿಸಬಹುದು. ಆದರೆ ಲಾಕ್‌ಡೌನ್ ವರ್ಷದ ರಜೆ ಬೇರೆ ವರ್ಷಗಳ ರಜೆಗೆ ಹೋಲಿಕೆಯಾಗದು. ಅದರಿಂದ ತೀರ್ಮಾನ ತೆಗೆಯುವುದಕ್ಕೆ ನಾನು ಒಪ್ಪುವುದಿಲ್ಲ.

ಹೋಲಿಕೆಗೆ ಹೆಚ್ಚು ಯೋಗ್ಯವಾದ ಸಂದರ್ಭ ಈಗ ಕಾರ್ಖಾನೆಗಳಲ್ಲಿ ಬಂದಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಎರಡು ಬದಲಾವಣೆ ತಂದಿದೆ. ರಜೆಗೆ ಬೇಕಾದ ಹಾಜರಿ 240ರಿಂದ 180 ದಿನಕ್ಕೆ ಇಳಿದಿದೆ. ಈವರೆಗೆ ಸೊನ್ನೆ ಪಡೆಯುತ್ತಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ಕನಿಷ್ಠ ಒಂಬತ್ತು ದಿನ ದಕ್ಕಲಿದೆ. ಇದನ್ನು ಮನಸಾರೆ ಸ್ವಾಗತಿಸಬೇಕು. ಜೊತೆಗೆ, ವರ್ಷದ ಕೊನೆಗೆ ಕಾರ್ಮಿಕರು ಕೇಳಿದರೆ ರಜೆಯನ್ನು ನಗದಾಗಿಸಿ ಕೊಡಬೇಕೆಂದೂ ಅದು ಹೇಳುತ್ತದೆ. ತಿಂಗಳ ಸಂಬಳ ಬಾಡಿಗೆಗೂ ಚೀಟಿಗೂ ಸಾಲದ ಮನೆಯಲ್ಲಿ ಈ ಎರಡನೆಯ ಅವಕಾಶ ಮೊದಲನೆಯದನ್ನು ನುಂಗಿಹಾಕಬಹುದೆಂಬ ಆತಂಕ ನನ್ನದು. ಆತಂಕ ಸರಿಯೋ ತಪ್ಪೋ ತಿಳಿಯಲು ಸಂಹಿತೆಗೆ ಹಿಂದಿನ ನಾಲ್ಕೈದು ವರ್ಷಗಳ ರಜೆ ವಹಿಗಳು ಬೇಕು. ಹಳೆಯ ವಹಿಗಳು ಗುಜರಿಗೆ ಹೋಗುವ ಮೊದಲೇ ಕಾರ್ಮಿಕ ಇಲಾಖೆಯೋ ಒಂದು ವಿಶ್ವವಿದ್ಯಾಲಯವೋ ಪೀಣ್ಯ, ರಾಮನಗರ, ಮಂಡ್ಯದ ಕೆಲವು ಕಾರ್ಖಾನೆಗಳಿಂದಲಾದರೂ ಅವುಗಳ ಪ್ರತಿ ತೆಗೆದಿಡಬೇಕಾಗಿದೆ.