ಗೋಡೆಯ ಮೇಲಿನ ಕಾಶಿ

ಗದಗ ತಾಲೂಕಿನ ಹಿರೇಹಂದಿಗೋಳದಲ್ಲಿ ನಮ್ಮ ಹಿರಿಯರ ಮನೆಯ ಪಡಸಾಲೆಯ ಗೋಡೆಗೆ ಕಟ್ಟು ಹಾಕಿಸಿದ ಒಂದು ಚಿತ್ರವಿತ್ತು. ಹೊರಗಿನವರು ಅದನ್ನು ದೇವರ ಪಟವೆಂದು ತಿಳಿದು ಕೈ ಮುಗಿಯುತ್ತಿದ್ದರು. ನಿಜವಾಗಿ ಅದು ಕಾಶಿಯ ನಕಾಶೆ. ನಡುವೆ ದೊಡ್ಡ ಗುಡಿ, ಒಂದು ಮಗ್ಗುಲಿಗೆ ಗಂಗೆ, ಗಂಗೆಯಲ್ಲಿ ಮೀನು, ಮೊಸಳೆ, ದೋಣಿ. ಸುತ್ತಲೂ ಬೆರಳುದ್ದದ ಗುಡಿಗಳು, ಒಂದೊಂದರ ಕೆಳಗೆ ನಾಗರಿ ಅಕ್ಷರದಲ್ಲಿ ಹೆಸರು. ನಮ್ಮ ಅಜ್ಜಿಗೆ ನಾಗರಿಯಿರಲಿ, ಕನ್ನಡ ಓದಲಿಕ್ಕೂ ಬರುತ್ತಿರಲಿಲ್ಲ. ಆದರೂ ಆ ಪಟವನ್ನು ಆಕೆಯಷ್ಟು ನಿರರ್ಗಳವಾಗಿ ಓದಿದವರನ್ನು ನಾನು ಕಂಡಿಲ್ಲ.

ಆಕೆ ೧೯೩೦ರ ಸುಮಾರಿಗೆ ಗದಗಿನಲ್ಲಿ ಉಗಿಬಂಡಿ ಹತ್ತಿ, ಹೋಟಗಿಯಲ್ಲಿ ಗಾಡಿ ಬದಲಿಸಿ ಕಾಶಿಗೆ ಹೋದವಳು. ಜಂಗಮವಾಡಿ ಮಠದಲ್ಲಿ ಇಳಿದುಕೊಂಡಿದ್ದರಂತೆ. ಬರುವಾಗ ಗಂಗೆಯ ಗಿಂಡಿ, ಕಾಶೀದಾರ, ಈ ಪಟ ಮೂರನ್ನೂ ತಂದಳು. ಗಂಗಾಪೂಜೆಯ ದಿನ ಗಿಂಡಿಯ ನೀರು ಊರವರಿಗೆ ಹಂಚಿಹೋಯಿತು. ದಾರ ಮಕ್ಕಳ ಕೊರಳಲ್ಲಿ ಸವೆಯಿತು. ಉಳಿದದ್ದು ಪಟ. ಕಟ್ಟು ಹಾಕಿಸುವ ಮೊದಲು ತಾನು ದರ್ಶನ ಪಡೆದ ಗುಡಿಗಳಿಗೆಲ್ಲ ಆಕೆ ಕುಂಕುಮದ ಬೊಟ್ಟು ಇಟ್ಟಿದ್ದಳು. ನೋಡದೆ ಬಂದದ್ದಕ್ಕೆ ಬೊಟ್ಟಿಲ್ಲ. ಒಂದು ಕಡೆ ಮಾತ್ರ ಕುಂಕುಮವಲ್ಲ, ಕಾಡಿಗೆ. ಅಲ್ಲಿಗೆ ಬೆರಳು ಬಂದಾಗ, "ಎರಡನೇ ರಾತ್ರಿ ಇಲ್ಲೆ ನಮ್ಮ ನೆಗೆಣ್ಣಿ ಜ್ವರ ಬಂದು ಮಲಗಿದಳು. ಮುಂಜಾನೆ ಏಳಲಿಲ್ಲ" ಎನ್ನುತ್ತಿದ್ದಳು. ಮತ್ತೆ ಮುಂದಿನ ಗುಡಿಗೆ ಹೋಗುತ್ತಿದ್ದಳು.

ಇಂಥ ಪಟಗಳಿಗೆ ನಮ್ಮ ದೇಶದಲ್ಲಿ ದೊಡ್ಡ ಇತಿಹಾಸವಿದೆ. ಅರಸರ, ಯುದ್ಧಗಳ ಇತಿಹಾಸದಲ್ಲಿ ಅದಕ್ಕೆ ಸ್ಥಳ ದೊರೆತಿಲ್ಲವಷ್ಟೆ.

ಎಲ್ಲಕ್ಕೂ ಪ್ರಸಿದ್ಧವಾದವು ಪುರೀ ಜಗನ್ನಾಥನ ಯಾತ್ರೆಯ ಪಟಗಳು. ಇವನ್ನು ಬರೆಯುವವರು ಚಿತ್ರಕಾರರೆಂಬ ಕಸಬಿನವರು. ಪುರಿಯಲ್ಲಿಯೂ ಹತ್ತಿರದ ರಘುರಾಜಪುರದಲ್ಲಿಯೂ ಅವರ ಮನೆತನಗಳಿವೆ. ಹಳೆಯ ಹತ್ತಿಯ ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಸೀಮೆಸುಣ್ಣದ ಪುಡಿಯನ್ನೂ ಬಳಿದು ಒಣಗಿಸಿ, ಕಲ್ಲಿನಿಂದ ಉಜ್ಜಿ ನುಣುಪು ಮಾಡುವರು. ಶಂಖದಿಂದ ಬಿಳಿ, ಇಂಗಳೀಕದಿಂದ ಕೆಂಪು, ಹರಿತಾಳದಿಂದ ಹಳದಿ, ದೀಪದ ಮಸಿಯಿಂದ ಕಪ್ಪು. ಪುರೀ ಕ್ಷೇತ್ರವು ಶಂಖದ ಆಕಾರದ್ದೆಂದು ನಂಬುಗೆಯಿರುವದರಿಂದ ಕೆಲವು ಪಟಗಳಲ್ಲಿ ಊರಿಗೆ ಊರೇ ಒಂದು ಶಂಖದೊಳಗೆ ಕುಳಿತಿರುತ್ತದೆ. ನಟ್ಟನಡುವೆ ಗುಡಿ, ಅದರ ಗೋಡೆ ತೆರೆದಿಟ್ಟಂತೆ ಒಳಗಿನ ಮೂರು ಮೂರ್ತಿಗಳೂ ಕಾಣುವವು. ಒಂದು ಕಡೆ ಊರಿಗೆ ಬರುವ ಅಠಾರನಾಳೆಯ ಸೇತುವೆ, ಒಂದು ಕಡೆ ನರೇಂದ್ರ ಸರೋವರ, ಅಂಚಿನಲ್ಲಿ ಸಮುದ್ರ.

ಅನೇಕ ಪಟಗಳಲ್ಲಿ ಎರಡು ಕುದುರೆಗಳೂ ಇರುವವು, ಒಂದು ಬಿಳಿಯದು, ಒಂದು ಕರಿಯದು. ಹದಿನೈದನೆಯ ಶತಮಾನದ ಗಜಪತಿ ಪುರುಷೋತ್ತಮದೇವನು ಕಾಂಚಿಯ ಮೇಲೆ ದಂಡೆತ್ತಿ ಹೋದಾಗ ಜಗನ್ನಾಥ ಬಲಭದ್ರರು ಸವಾರರಾಗಿ ಮುಂದೆ ನಡೆದರೆಂದೂ, ದಾರಿಯಲ್ಲಿ ಮಾಣಿಕ ಎಂಬ ಗೊಲ್ಲತಿಯಿಂದ ಮೊಸರು ಕೊಂಡು ಕುಡಿದರೆಂದೂ ಕಥೆ. ನಕಾಶೆಯಲ್ಲಿ ಕಥೆಗೆ ಏನು ಕೆಲಸವೆಂದು ಕೇಳಬಹುದು. ಯಾತ್ರಿಕನು ಕಾಲಿನಿಂದ ನಡೆದದ್ದರ ಜೊತೆಗೆ ಕಿವಿಯಿಂದ ಕೇಳಿದ್ದನ್ನೂ ಮನೆಗೆ ಒಯ್ಯಬೇಕು. ಆ ಕಥೆಯನ್ನು ಆತನಿಗೆ ಪುರಿಯಲ್ಲಿಯೇ ಹೇಳಿರುತ್ತಾರೆ. ಊರಿಗೆ ಬಂದು ಆತನೇ ಅದನ್ನು ಹೇಳಬೇಕಾದಾಗ ಎರಡು ಕುದುರೆಗಳು ನೆನಪು ಮಾಡಿಕೊಡುವವು. ಗೋಡೆ ತುಂಬುವ ಪಟಗಳನ್ನು ಕೊಳ್ಳಲಾರದವರಿಗೆ ಅಂಗೈಯಗಲದವೂ ದೊರೆಯುತ್ತಿದ್ದವು. ಮುಂದೆ ಅಚ್ಚಿನ ಅಗ್ಗದ ಚಿತ್ರಗಳು ಬಂದು ಚಿತ್ರಕಾರರ ಕಸಬು ಬಹಳ ಕುಗ್ಗಿತು. ೧೯೫೦ರ ದಶಕದಲ್ಲಿ ಹಲೀನಾ ಜೀಲಿ ಎಂಬ ವಿದೇಶೀ ಮಹಿಳೆ ಮೊದಲಾದವರ ಆಸಕ್ತಿಯಿಂದ ಅದು ಮತ್ತೆ ತಲೆಯೆತ್ತಿತು. ಆದರೆ ಆಮೇಲಿನ ಗಿರಾಕಿಗಳಲ್ಲಿ ಯಾತ್ರಿಕರಿಗಿಂತ ಪ್ರವಾಸಿಗಳೇ ಹೆಚ್ಚು.

ಕಾಶಿಯ ನಕಾಶೆಗಳ ಮಾತು ಬೇರೆ. ಅಲ್ಲಿ ಎರಡು ಬಗೆಯ ಅಳತೆಗಳು ಒಂದೇ ಶತಮಾನದಲ್ಲಿ ಎದುರುಬದುರಾದವು. ಕಾಶಿಯ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದ ಜೇಮ್ಸ್ ಪ್ರಿನ್ಸೆಪ್ ೧೮೨೨ರಲ್ಲಿ ನಗರವನ್ನು ಅಳೆದು ಓಣಿ ಓಣಿಯ ನಕಾಶೆ ಮಾಡಿದನು. (ಬ್ರಾಹ್ಮೀ ಲಿಪಿಯನ್ನು ಬಿಡಿಸಿ ಓದಿದವನೂ ಈತನೇ, ನಮ್ಮ ನೆರೆಯ ಕೊಪ್ಪಳದ ಅಶೋಕನ ಶಾಸನಗಳನ್ನು ಇಂದು ಓದಬಲ್ಲೆವಾದರೆ ಅದು ಈತನ ಉಪಕಾರ.) ೧೮೭೬ರಲ್ಲಿ ಕೈಲಾಸನಾಥ ಸುಕುಲರ 'ಕಾಶೀದರ್ಪಣ' ಎಂಬ ನಕಾಶೆ ಹೊರಬಂದಿತು. ಪ್ರಿನ್ಸೆಪ್‌ನ ಕಾಶಿಯು ನದಿಯ ಬಾಗಿನಂತೆ ಬಾಗಿದ ಊರು. ಸುಕುಲರ ಕಾಶಿಯು ದುಂಡು; ಪಂಚಕ್ರೋಶಿಯ ದಾರಿಯೇ ಅದರ ಬಳೆ.

ಪಂಚಕ್ರೋಶಿಯೆಂದರೆ ಮಣಿಕರ್ಣಿಕೆಯಲ್ಲಿ ಮಿಂದು ಹೊರಟು ಕ್ಷೇತ್ರವನ್ನು ಬಲಗೊಂಡು ಬರುವ ಐದು ದಿನಗಳ ನಡಿಗೆ, ಸುಮಾರು ೫೦ ಮೈಲು. ಕರ್ದಮೇಶ್ವರ, ಭೀಮಚಂಡಿ, ರಾಮೇಶ್ವರ, ಶಿವಪುರ, ಕಪಿಲಧಾರಾ ಎಂಬವು ತಂಗುದಾಣಗಳು. ದಾರಿಯ ಮೇಲೆ ೧೦೮ ಸ್ಥಾನಗಳು. ಭೂಮಿಯ ಮೇಲೆ ಈ ದಾರಿ ದುಂಡಾಗಿಲ್ಲ, ಡೊಂಕುಡೊಂಕಾಗಿದೆ. ಸುಕುಲರಿಗೆ ಇದು ತಿಳಿಯದೆ ಇದ್ದೀತೆ? ಬಲಗೊಂಡು ಬಂದವನಿಗೆ ಆದ ಅನುಭವ ದುಂಡಗಿನದು. ಅದನ್ನೇ ಅವರು ಬರೆದರು.

ಹೋದವರ ನೆನಪಿಗಾಗಿ ಮಾತ್ರ ಇವು ಹುಟ್ಟಿದವೆನ್ನುವಂತಿಲ್ಲ. ಗುಜರಾತದ ಪಾಲಿತಾಣಾದ ಬಳಿಯ ಶತ್ರುಂಜಯ ಬೆಟ್ಟವು ಶ್ವೇತಾಂಬರ ಜೈನರ ಮಹಾತೀರ್ಥ. ಮಳೆಗಾಲದ ನಾಲ್ಕು ತಿಂಗಳು ಬೆಟ್ಟ ಹತ್ತುವದಿಲ್ಲ. ಕಾರ್ತಿಕ ಹುಣ್ಣಿಮೆಗೆ ಯಾತ್ರೆ ಮತ್ತೆ ಆರಂಭ. ಅಂದು ಅಲ್ಲಿಗೆ ಹೋಗಲಾರದ ಜೈನರು ತಮ್ಮ ಊರಿನಲ್ಲಿಯೇ ಶತ್ರುಂಜಯದ ದೊಡ್ಡ ಪಟವನ್ನು ಕಟ್ಟಿ ಅದಕ್ಕೆ ವಂದಿಸುವರು. ಬಟ್ಟೆಯ ಮೇಲಿನ ಬೆಟ್ಟವನ್ನು ಕಣ್ಣಿನಿಂದ ಹತ್ತಿ ಇಳಿದರೆ ಯಾತ್ರೆಯಾದಂತೆ. ಇಂಗ್ಲೆಂಡದ ಸೇಂಟ್ ಆಲ್ಬನ್ಸ್ ಮಠದ ಮ್ಯಾಥ್ಯೂ ಪ್ಯಾರಿಸ್ ಎಂಬ ಸನ್ಯಾಸಿಯೂ ೧೨೫೦ರ ಸುಮಾರಿಗೆ ಲಂಡನ್ನಿನಿಂದ ಜೆರುಸಲೇಮಿನ ಕಡೆಗೆ ಹೋಗುವ ದಾರಿಯನ್ನು ಒಂದೊಂದು ದಿನದ ನಡಿಗೆಯಂತೆ, ಊರೂರಿನ ಗೋಪುರಗಳ ಚಿತ್ರಗಳೊಡನೆ ಬರೆದಿಟ್ಟನು. ಮಠ ಬಿಟ್ಟು ಹೊರಡಲಾರದವರು ಹಾಳೆ ತಿರುವುತ್ತ ಮನಸ್ಸಿನಲ್ಲಿಯೇ ಆ ದಾರಿ ನಡೆಯುತ್ತಿದ್ದರೆಂದು ವಿದ್ವಾಂಸರ ಅಭಿಪ್ರಾಯ.

ಕನ್ನಡ ನಾಡಿನವರು ಚಿತ್ರಕ್ಕಿಂತ ಮಾತನ್ನು ಹೆಚ್ಚು ನೆಚ್ಚಿದರೆಂದು ನನಗೆ ತೋರುತ್ತದೆ. ಸೋದೆಯ ವಾದಿರಾಜರು ೧೬ನೆಯ ಶತಮಾನದಲ್ಲಿ ತಾವು ಕಂಡ ಕ್ಷೇತ್ರಗಳನ್ನು 'ತೀರ್ಥಪ್ರಬಂಧ' ಎಂಬ ಸಂಸ್ಕೃತ ಕಾವ್ಯದಲ್ಲಿ ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣ ಎಂದು ನಾಲ್ಕು ಭಾಗ ಮಾಡಿ ಜೋಡಿಸಿದ್ದಾರೆ. ಗೆರೆಯಿಲ್ಲದ ನಕಾಶೆಯೇ ಅದು. ಯುಗಾದಿಗೆ ಶ್ರೀಶೈಲಕ್ಕೆ ಕಾಲ್ನಡಿಗೆಯಿಂದ ಹೋಗುವ ನಮ್ಮ ಕಡೆಯ ಮಲ್ಲಯ್ಯನ ಭಕ್ತರ ಕೈಯಲ್ಲಿಯೂ ನಕಾಶೆಯಿರುವದಿಲ್ಲ. ಯಾವ ಊರಲ್ಲಿ ವಸತಿ, ಎಲ್ಲಿ ನೀರು ಎಂಬುದು ಮುಂದೆ ನಡೆಯುವ ಹಿರಿಯರ ಬಾಯಲ್ಲಿರುತ್ತದೆ.

ನಾನು ಗದಗಿನ ಹೈಸ್ಕೂಲಿಗೆ ಹೋಗುತ್ತಿದ್ದಾಗ ಭೂಗೋಲದ ಅಟ್ಲಾಸನ್ನು ತಂದು, ಅಜ್ಜಿಯ ಪಟಕ್ಕೆ ಹಿಡಿದು, "ಆಯೀ, ನಿನ್ನ ಕಾಶಿ ತಪ್ಪೈತಿ. ದಿಕ್ಕೂ ಸರಿಯಿಲ್ಲ, ಅಳತೆನೂ ಸರಿಯಿಲ್ಲ" ಎಂದು ಹೇಳಿದ್ದುಂಟು. ಆಕೆ ಹತ್ತಿ ಬಿಡಿಸುತ್ತಿದ್ದಳು. ತಲೆಯೆತ್ತದೆ, "ನಡದಾಕಿ ನಾನೋ, ನೀನೋ?" ಎಂದಳು. ನಾನು ಅಟ್ಲಾಸು ಮುಚ್ಚಿದೆ. ಅಂದು ಸೋತೆನೆಂದು ಮುಚ್ಚಲಿಲ್ಲ. ಮುದುಕಿಯೊಡನೆ ವಾದವೇತಕ್ಕೆಂದು ಮುಚ್ಚಿದೆ. ಆ ಪಟದಲ್ಲಿ ಅಟ್ಲಾಸಿನಲ್ಲಿಲ್ಲದ ಒಂದು ಸಾವು ಬರೆದಿದೆಯೆಂಬುದು ನನ್ನ ತಲೆಗೆ ಹೊಳೆದದ್ದು ಆಕೆ ತೀರಿಕೊಂಡ ಎಷ್ಟೋ ವರುಷಗಳ ಮೇಲೆ. ಆ ಚಿಕ್ಕಜ್ಜಿಯ ಭಾವಚಿತ್ರ ಮನೆಯಲ್ಲಿಲ್ಲ, ಆಕೆಯ ಹೆಸರಿನ ಕಾಗದವೊಂದೂ ಇಲ್ಲ.

ಹಳೆಯ ಮನೆ ಪಾಲಾದಾಗ ಪಟ ನನ್ನ ಪಾಲಿಗೆ ಬಂದಿತು. ಯಾರೂ ಕೇಳಲಿಲ್ಲ, ಆದ್ದರಿಂದ ಬಂದಿತು. ಒಂದು ಮಳೆಗಾಲದಲ್ಲಿ ಕಟ್ಟಿನೊಳಗೆ ತೇವ ಸೇರಿ ಗಂಗೆಯ ಕಡೆಯ ಅಂಚು ಹಾಳಾಗಿದೆ. ಮೊಸಳೆ ಹೋಯಿತು, ದೋಣಿ ಉಳಿದಿದೆ. ಕುಂಕುಮದ ಬೊಟ್ಟುಗಳು ಕಂದಿ ಇಟ್ಟಂಗಿಯ ಬಣ್ಣಕ್ಕೆ ತಿರುಗಿವೆ. ಕಾಡಿಗೆ ಮಾತ್ರ ಎಣ್ಣೆ ಬಿಟ್ಟು ಹರಡಿ ಕೆಳಗಿನ ಹೆಸರನ್ನು ಮುಚ್ಚಿಬಿಟ್ಟಿದೆ. ಅಜ್ಜಿ ಎರಡನೆಯ ರಾತ್ರಿಯೆಂದು ಹೇಳುತ್ತಿದ್ದುದರಿಂದ ಅದು ಭೀಮಚಂಡಿಯಾಗಿರಬೇಕು.